ತುಕ್ಕು ಸರಳಿಗೆ ಸಿಗಿಸಿದ ಕೊಕ್ಕೆ

ನಾನು ಒಂದು ಸೇಫ್ಟಿ ಬೆಲ್ಟು. ಸೊಂಟದ ಪಟ್ಟಿ ಎಂದು ಅಸಡ್ಡೆ ಮಾಡಬೇಡಿ. ಹೆಗಲು, ಎದೆ, ತೊಡೆ ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಳ್ಳುವವನು ನಾನು. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದವನೊಬ್ಬನಿಗೆ ಮರಳಿನ ಮೂಟೆ ಕಟ್ಟಿ ಮೇಲಿಂದ ಬೀಳಿಸಿ ನೋಡಿದ್ದರು. ಹೊಲಿಗೆಯ ಒಂದು ಎಳೆಯೂ ಬಿಚ್ಚಿರಲಿಲ್ಲ. ಆ ಹೆಮ್ಮೆಯಲ್ಲೇ ನಾನು ಗದಗ ಸೀಮೆಯ ಒಂದು ಊರಿಗೆ ಬಂದೆ.

ಅಲ್ಲಿ ಹಳೆಯ ನೀರಿನ ಟ್ಯಾಂಕಿನ ರಿಪೇರಿ ನಡೆದಿತ್ತು. ಕಾಂಕ್ರೀಟು ಹಪ್ಪಳದಂತೆ ಎದ್ದು ಉದುರುತ್ತಿತ್ತು, ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಊದಿದ್ದವು. ಮೇಸ್ತ್ರಿ ಗಿರಿಮಲ್ಲ ಮೊದಲ ದಿನ ನನ್ನನ್ನು ಒಬ್ಬನಿಗೆ ತೊಡಿಸಿ, ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ. ಆಮೇಲೆ ಸಿಮೆಂಟಿನ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿ ಬೀಗ ಜಡಿದ. ಹೊಸ ಬೆಲ್ಟು ಕೊಳೆಯಾಗಬಾರದಂತೆ. ಆಳು ಬಿದ್ದರೆ ಬೀಳಲಿ, ಬೆಲ್ಟು ಮಾತ್ರ ಥಳಥಳ ಇರಬೇಕು!

ಬ್ರೇಕರ್ ಯಂತ್ರ ಹಿಡಿದು ಕಾಂಕ್ರೀಟು ಒಡೆಯುತ್ತಿದ್ದವನು ಮುದಕಪ್ಪ. ಅವನ ಹೆಂಡತಿ ಸಾವಂತ್ರೆವ್ವ ಕೆಳಗೆ ಪುಡಿ ಬಾಚಿ ಬುಟ್ಟಿಗೆ ತುಂಬುತ್ತಿದ್ದಳು. ಧೂಳಿಗೆ ಇಬ್ಬರಿಗೂ ಮೂಗಿಗೊಂದು ಟವೆಲ್ಲೇ ಗತಿ. ಒಂದು ದಿನ, ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರುವೆಯ ಹಲಗೆಯ ಮೇಲೆ ಮುದಕಪ್ಪನ ಕಾಲು ಜಾರಿತು. ಹೇಗೋ ಬಚಾವಾದ. ಮರುದಿನ ಅವಳು ಶೆಡ್ಡಿನ ಬಾಗಿಲಲ್ಲಿ ಕೂತುಬಿಟ್ಟಳು. ಬೆಲ್ಟು ಕೊಡದೆ ಗಂಡನನ್ನು ಹತ್ತಗೊಡುವುದಿಲ್ಲ ಎಂದಳು. ಗಿರಿಮಲ್ಲ ಗೊಣಗುತ್ತ ಬೀಗ ತೆಗೆದ. ಎಲ್ಲರೂ ನಗುತ್ತಿದ್ದರೂ ಅವಳೇ ನನ್ನನ್ನು ಅವನ ಮೈಗೆ ಬಿಗಿದಳು.

ಮೇಲೆ ಹೋದರೆ ನನ್ನ ಕೊಕ್ಕೆ ಸಿಗಿಸಲು ಜಾಗವಿಲ್ಲ. ಗಟ್ಟಿ ಜಾಗದಿಂದ ಬೇರೆಯೇ ಹಗ್ಗ ಇಳಿಬಿಟ್ಟು ಅದಕ್ಕೆ ಸಿಗಿಸಬೇಕಿತ್ತು.

"ಹಗ್ಗ ನಾಳೆ ತರಸ್ತೀನಿ. ಇವತ್ತ ಆ ರಾಡಿಗೇ ಸಿಗಿಸ್ಕೋ" ಎಂದು ಗಿರಿಮಲ್ಲ ಕೆಳಗಿನಿಂದಲೇ ಕೂಗಿದ.

ಯಾವ ರಾಡು? ಕೊಳೆತಿದೆ, ಬದಲಿಸಬೇಕು ಎಂದು ಇವರೇ ಸುಣ್ಣದ ಗುರುತು ಹಾಕಿದ್ದ ರಾಡು! ಅದನ್ನು ರಿಪೇರಿ ಮಾಡಲು ಬಂದವರು ಅದಕ್ಕೇ ಒಂದು ಜೀವವನ್ನು ನೇತುಹಾಕಿದರು. ನನಗೆ ಬಾಯಿದ್ದಿದ್ದರೆ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಾಲು ಜಾರಿತು. ನಾನು ಅವನನ್ನು ಬಿಗಿಯಾಗಿಯೇ ಹಿಡಿದಿದ್ದೆ. ಸರಳು ಲಟಕ್ಕನೆ ಮುರಿಯಿತು. ಇಬ್ಬರೂ ಕೆಳಗಿನ ಹಲಗೆಗೆ ಬಿದ್ದೆವು. ಅವನ ಸೊಂಟ ಮುರಿಯಿತು.

ಆಸ್ಪತ್ರೆಗೆ ಒಯ್ದ ಮೇಲೆ ಗಿರಿಮಲ್ಲ ಎಲ್ಲರಿಗೂ ಹೇಳಿದ್ದೇನು ಗೊತ್ತೇ? ಬೆಲ್ಟು ಕೈಕೊಟ್ಟಿತಂತೆ. ಜನ ನಂಬಿದರು. ಕಟ್ಟಿಕೊಂಡವನೇ ಬಿದ್ದ ಮೇಲೆ ಕಟ್ಟಿಕೊಂಡು ಏನು ಫಲ ಎಂದು ಬೆಲ್ಟಿಲ್ಲದೆಯೇ ಮತ್ತೆ ಏಣಿ ಹತ್ತತೊಡಗಿದರು. ನನ್ನ ಮಾನ ಹಾಳಾಗಲಿ, ಆ ಸುಳ್ಳು ಇನ್ನೆಷ್ಟು ಜನರನ್ನು ಬೀಳಿಸುತ್ತಿತ್ತೋ.

ಆ ಮಾತು ಕಿವಿಗೆ ಬಿದ್ದದ್ದೇ ಸಾವಂತ್ರೆವ್ವ ಆಸ್ಪತ್ರೆಯಿಂದ ನೆಟ್ಟಗೆ ಅಲ್ಲಿಗೇ ಬಂದಳು. ಮೂಲೆಯಲ್ಲಿ ಬಿದ್ದಿದ್ದ ನನ್ನನ್ನು ಎತ್ತಿ ಎಲ್ಲರೆದುರು ಹಿಡಿದಳು. ಕೊಕ್ಕೆಯಲ್ಲಿ ಸರಳಿನ ಬಾಗಿದ ತುಂಡು ಇನ್ನೂ ಸಿಕ್ಕಿಕೊಂಡಿತ್ತು.

"ಬೆಲ್ಟ್ ಎಲ್ಲಿ ಹರದೈತ್ರಿ, ತೋರಸ್ರಿ. ಮುರದಿದ್ದು ನೀವು ತೋರಿಸಿದ ರಾಡು."

ಏಣಿಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ನೆರಳಲ್ಲಿ ಕೂತರು. ಹಗ್ಗ ಬರುವತನಕ ಯಾರೂ ಏಳಲಿಲ್ಲ. ನಾಳೆ ನಾಳೆ ಎನ್ನುತ್ತಿದ್ದ ಹಗ್ಗ, ಹೊಸ ಬೆಲ್ಟುಗಳ ಸಮೇತ ಅಂದೇ ಬಂತು. ಅಷ್ಟು ಸಲೀಸಾಗಿ ಬರುವುದಾಗಿದ್ದರೆ ಮೊದಲೇ ಏನು ರೋಗ?

ಒಮ್ಮೆ ಬಿದ್ದ ಭಾರ ಹಿಡಿದ ಬೆಲ್ಟನ್ನು ಮತ್ತೆ ಎತ್ತರದ ಕೆಲಸಕ್ಕೆ ಬಳಸಬಾರದು. ಸಾವಂತ್ರೆವ್ವ ನನ್ನನ್ನು ಮನೆಗೆ ಒಯ್ದಳು. ಈಗ ಮುದಕಪ್ಪನ ಹಾಸಿಗೆಯ ನೇರಕ್ಕೆ, ಮಾಡಿನ ತೊಲೆಗೆ ನನ್ನನ್ನು ಕಟ್ಟಿದ್ದಾರೆ. ಕಟ್ಟುವ ಮೊದಲು ಅವಳು ತಾನೇ ಆ ತೊಲೆಗೆ ಜೋತುಬಿದ್ದು ನೋಡಿದಳು. ದಿನಾ ಬೆಳಿಗ್ಗೆ ಅವನು ಎರಡೂ ಕೈಯಿಂದ ನನ್ನನ್ನು ಹಿಡಿದು ಎದ್ದು ಕೂರುತ್ತಾನೆ. ತೊಲೆ ಅಲುಗುವುದಿಲ್ಲ, ನಾನೂ ಅಲುಗುವುದಿಲ್ಲ. ಆಗ ನನ್ನ ಮೈ ಉರಿಯುತ್ತದೆ. ಅಂದು ಟ್ಯಾಂಕಿನ ಮೇಲೆ ಇಂಥದೊಂದು ಗಟ್ಟಿ ಜಾಗ ಕೊಟ್ಟಿದ್ದರೆ, ಎದ್ದು ಕೂರುವುದಕ್ಕೂ ಇವನು ನನ್ನನ್ನು ಹಿಡಿಯಬೇಕಾಗಿತ್ತೇ?