ಲಾರಿಗೆ ಹಾಕಿದ ಡಬ್ಬಿ

ಲಾರಿ ಎಂಜಿನ್ನಿನ ಮೂರನೇ ಪಿಸ್ಟನ್ನಿನ ತಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬಿದ್ದಿತ್ತು. ಗ್ಯಾರೇಜಿನಲ್ಲಿ ತಂಗಿ ಅದನ್ನು ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡು ಒರೆಸಿದಳು. ಒರೆಸಿದರೆ ತೂತು ಮುಚ್ಚುವುದಿಲ್ಲ. ಆದರೆ ಕೈಗೊಂದು ಕೆಲಸ ಬೇಕಿತ್ತು, ತಲೆ ತಗ್ಗಿಸಿಕೊಂಡಿರಲು ಒಂದು ನೆಪ ಬೇಕಿತ್ತು.

ಎದುರಿಗೆ ಲಾರಿ ಓಡಿಸುವ ಭಾವ, ಅಕ್ಕನ ಗಂಡ, ಮಗುಚಿದ ಡಬ್ಬದ ಮೇಲೆ ಕೂತು ಸೀಮೆಎಣ್ಣೆಯಲ್ಲಿ ಬೋಲ್ಟುಗಳನ್ನು ತೊಳೆಯುತ್ತಿದ್ದರು. ತೊಳೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಂಜಿನ್ ಸುಟ್ಟುಹೋದ ದಿನದಿಂದ ಬೆಳಿಗ್ಗೆಯೇ ಬಂದು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ, ಏನಾದರೊಂದು ತೊಳೆಯುತ್ತಿದ್ದರು.

"ಲ್ಯಾಪ್‌ಟಾಪ್ ಡಾಕ್ಟರೇ, ರೋಗಿ ಬದುಕ್ತಾನಾ?" ಎಂದರು. ಲ್ಯಾಪ್‌ಟಾಪ್ ಹಿಡಿದು ಎಂಜಿನ್ ರಿಪೇರಿ ಮಾಡುವ ಅವಳಿಗೆ ಅವರಿಟ್ಟ ಹೆಸರು ಅದು.

"ಬದುಕ್ತಾನೆ ಭಾವ."

"ಆಕ್ಸಿಲರೇಟರ್ ಮೇಲೆ ನನ್ನ ಕಾಲು ಸ್ವಲ್ಪ ಭಾರ ಆಯ್ತು. ನೀನು ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದೆ."

ಆ ಮಾತು ಅವಳಿಗೆ ಎಲ್ಲೋ ಹೋಗಿ ನಾಟಿತು.

ಆರು ಸಿಲಿಂಡರಿನ ಆ ಪೆಟ್ರೋಲ್ ಲಾರಿ ಟೈಲ್ಸ್ ತುಂಬಿಕೊಂಡು ಏರು ಹತ್ತುವಾಗ ಏದುಸಿರು ಬಿಡುತ್ತದೆ ಎಂದು ಭಾವ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳನ್ನು ತಂದಿದ್ದರು. ದೊಡ್ಡ ಇಂಜೆಕ್ಟರಿಗೆ ತಕ್ಕ ಲೆಕ್ಕ ಎಂಜಿನ್ ನಡೆಸುವ ಹಳೆಯ ಕಂಪ್ಯೂಟರಿಗೆ ಗೊತ್ತಿಲ್ಲ. ಅದರ ಒಳಗಿನ ಬರಹ ತಿದ್ದೋಣವೆಂದರೆ ಕಂಪನಿಯವರು ಬೀಗ ಜಡಿದಿದ್ದರು. ಉಳಿದದ್ದು ಎರಡು ದಾರಿ. ಹಳೆಯದನ್ನು ಕಿತ್ತು ಹೊಸ ಕಂಪ್ಯೂಟರ್ ಹಾಕುವುದು. ಅದಕ್ಕೆ ಪೆಟ್ರೋಲಿನ ಲೆಕ್ಕ, ಕಿಡಿಯ ಲೆಕ್ಕ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಇಲ್ಲವೇ ಹಳೆಯದಕ್ಕೆ ಒಂದು ಡಬ್ಬಿ ಸಿಕ್ಕಿಸುವುದು.

"ಡಬ್ಬಿ ಸಾಕು ಭಾವ. ಹೊಸ ಕಂಪ್ಯೂಟರ್ ಅಂದ್ರೆ ಇಲಿ ಹಿಡಿಯೋಕೆ ಬೆಟ್ಟ ಅಗೆದ ಹಾಗೆ" ಎಂದು ಅವಳೇ ಹೇಳಿದ್ದಳು. ಮೊದಲಿನಿಂದ ಬರೆದು ಅವಳಿಗೆ ಅಭ್ಯಾಸವೇ ಇರಲಿಲ್ಲ. ಅಷ್ಟು ಹೇಳಲು ಬಾಯಿ ಬಂದಿರಲಿಲ್ಲ.

ಡಬ್ಬಿಯ ಕೆಲಸ ಸುಳ್ಳು ಚಾಡಿ ಹೇಳುವುದು. ಎಂಜಿನ್ನಿಗೆ ಬರುತ್ತಿರುವ ಗಾಳಿ ಕಡಿಮೆ ಎಂದು ಅದು ಕಂಪ್ಯೂಟರಿನ ಕಿವಿಯಲ್ಲಿ ಊದುತ್ತದೆ. ನಂಬಿದ ಕಂಪ್ಯೂಟರು ಇಂಜೆಕ್ಟರನ್ನು ಕಡಿಮೆ ಹೊತ್ತು ತೆರೆಯುತ್ತದೆ, ಪೆಟ್ರೋಲು ಸರಿಹೋಗುತ್ತದೆ. ಆದರೆ ಗಾಳಿ ಕಡಿಮೆಯಾದರೆ ಹೊರೆಯೂ ಹಗುರ ಎಂದು ಎಣಿಸಿ, ಕಿಡಿಯನ್ನೂ ಬೇಗ ಹಾರಿಸುತ್ತದೆ. ಖಾಲಿ ಲಾರಿಗೆ ಇದರಿಂದ ಏನೂ ಆಗದು. ತುಂಬಿದ ಲಾರಿ ಏರು ಹತ್ತಿದರೆ, ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಪೆಟ್ರೋಲು ಹೊತ್ತಿಕೊಂಡು, ಅದರ ತಲೆಗೆ ಸುತ್ತಿಗೆ ಏಟು.

ಇದು ಅವಳಿಗೆ ಗೊತ್ತಿತ್ತು. ಹೊರೆ ಹೇರಿ ನೋಡಬೇಕೆಂದೂ ಗೊತ್ತಿತ್ತು. ಆದರೆ ಖಾಲಿ ರಸ್ತೆಯಲ್ಲಿ ಲಾರಿ ಕರುವಿನ ಹಾಗೆ ಜಿಗಿದಾಗ ಭಾವ ಅವಳ ಬೆನ್ನು ತಟ್ಟಿ, "ನಮ್ಮ ಮನೇಲೇ ಇಂಥವಳನ್ನ ಇಟ್ಕೊಂಡು ನಾನು ಊರೆಲ್ಲ ಹುಡುಕ್ತಿದ್ದೆ" ಎಂದಿದ್ದರು. ಆ ಹೊಗಳಿಕೆಯ ಬಿಸಿಯಲ್ಲೇ ಅವಳು ಕೀಲಿಕೈ ಕೊಟ್ಟುಬಿಟ್ಟಿದ್ದಳು. ಟೈಲ್ಸ್ ತುಂಬಿ ಏರು ಹತ್ತುವಾಗ ಎಂಜಿನ್ ಸುಟ್ಟುಹೋದಾಗ, ಭಾವ ಜೋರಾಗಿ ತುಳಿದದ್ದೇ ಕಾರಣ ಎಂದು ಮನೆಯಲ್ಲಿ ಎಲ್ಲರೂ ಎಣಿಸಿದ್ದರು.

ಅಷ್ಟರಲ್ಲಿ ಅಕ್ಕ ಊಟದ ಕ್ಯಾರಿಯರ್ ಹಿಡಿದು ಬಂದಳು. ಗಂಡನ ಕಡೆ ನೋಡದೆ ತಂಗಿಗೇ ಹೇಳಿದಳು.

"ಇವರಿಗೆ ಗೋದಾಮಿನಲ್ಲಿ ಕಾವಲು ಕೆಲಸ ಇದೆಯಂತೆ ಕಣೆ. ಇವತ್ತೇ ಬಂದು ಹೇಳಿ ಅಂದಿದಾರೆ. ಕುರ್ಚಿ ಮೇಲೆ ಕೂತಿದ್ರೆ ಆಯ್ತು. ತುಳಿಯೋಕೆ ಕಾಲ ಕೆಳಗೆ ಏನೂ ಇರಲ್ಲ."

"ಆಗಲಿ" ಎಂದರು ಭಾವ, ಬೋಲ್ಟು ತೊಳೆಯುತ್ತಲೇ. "ಲಾರಿ ರಿಪೇರಿ ಆದ್ಮೇಲೆ ಮಾರಿಬಿಡೋಣ."

"ಮಾರಲೇಬೇಕು. ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು ನನ್ನ ತಂಗಿ ಕೆಲಸ."

ಭಾವ ನಕ್ಕರು. ಹೌದೆಂದು ಒಪ್ಪಿಕೊಂಡವರ ನಗು ಅದು. ಯೌವನದಿಂದ ಸ್ಟೇರಿಂಗ್ ಬಿಟ್ಟು ಬೇರೇನೂ ಹಿಡಿಯದ ಮನುಷ್ಯ. ಸಂಜೆಗೆ ಗೋದಾಮಿನವರಿಗೆ ಹೂಂ ಅಂದುಬಿಟ್ಟರೆ ಮುಗಿಯಿತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವಳ ತಲೆಯಲ್ಲಿ ಬಂದು ಹೋಯಿತು. ಬಂದು ಹೋಯಿತೇನು, ಇಷ್ಟು ದಿನ ಅಲ್ಲೇ ಕಾಲು ಚಾಚಿ ಮಲಗಿತ್ತು.

"ಅಕ್ಕ, ಅವರ ಕಾಲಿನದಲ್ಲ ತಪ್ಪು" ಎಂದಳು. "ನನ್ನ ಡಬ್ಬಿಯದು. ಹೊರೆ ಹಾಕಿ ನೋಡದೇ ಕೊಟ್ಟೆ. ಯಾರು ಓಡಿಸಿದ್ರೂ ಸುಟ್ಟುಹೋಗ್ತಿತ್ತು."

ಅಕ್ಕ ಕ್ಯಾರಿಯರನ್ನು ಮೇಜಿನ ಮೇಲಿಟ್ಟಳು.

"ಯಾವತ್ತು ಗೊತ್ತಾಯ್ತು ನಿನಗೆ?"

"ಎಂಜಿನ್ ಬಿಚ್ಚಿದ ದಿನ."

"ಅವತ್ತಿಂದ ನಾನು ಇವರಿಗೆ ಏನೇನು ಅಂದೆ. ಮಕ್ಕಳ ಎದುರಿಗೆ ಅಂದೆ. ನೀನೂ ಅಲ್ಲೇ ಕೂತು ಊಟ ಮಾಡ್ತಿದ್ದೆ." ಅಕ್ಕನ ದನಿ ಏರಲಿಲ್ಲ. "ಎಂಜಿನ್ ಹಾಳಾಗಲಿ ಬಿಡು. ನನ್ನ ಬಾಯಿಂದ ಅದನ್ನೆಲ್ಲ ಯಾಕೆ ಆಡಿಸಿದೆ?"

ತಂಗಿ ಬೈಸಿಕೊಳ್ಳಲು ಸಿದ್ಧಳಾಗಿದ್ದದ್ದು ಎಂಜಿನ್ನಿಗಾಗಿ. ಇದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಕ್ಕ ಗಂಡನ ಕಡೆ ಒಮ್ಮೆ ತಿರುಗಿ, ಬಾಗಿಲ ಬಳಿ ಹೋಗಿ ಬೆನ್ನು ಹಾಕಿ ನಿಂತಳು.

ಭಾವ ಕೈ ಒರೆಸಿಕೊಂಡು ಎದ್ದರು. ಪಿಸ್ಟನ್ನನ್ನು ಎತ್ತಿ ತೂತಿನಲ್ಲಿ ಬೆಳಕು ನೋಡಿದರು.

"ಹಾಗಾದ್ರೆ ಹೊಸ ಕಂಪ್ಯೂಟರೇ ಹಾಕ್ತೀಯಾ?"

ಹೂಂ ಅನ್ನುವುದು ಈಗಲೂ ಸುಲಭವಿತ್ತು.

"ನನಗೆ ಅದನ್ನ ಬರೆಯೋಕೆ ಬರಲ್ಲ ಭಾವ. ಬರೋವ್ರನ್ನ ಕರೆಸಬೇಕು. ನಾನು ಪಕ್ಕದಲ್ಲಿ ಕೂತು ಕಲೀತೀನಿ."

"ಕರೆಸು" ಎಂದರು ಅವರು. ಆ ದನಿಯಲ್ಲಿ ತಮಾಷೆ ಇರಲಿಲ್ಲ, ಡಾಕ್ಟರೇ ಎನ್ನಲೂ ಇಲ್ಲ. ಪಿಸ್ಟನ್ನನ್ನು ಅವಳ ಮುಂದೆ ಇಟ್ಟು, ಹೆಂಡತಿ ನಿಂತಿದ್ದ ಬಾಗಿಲ ಕಡೆ ನಡೆದರು. "ಬಾರೇ, ಗೋದಾಮಿನವರಿಗೆ ಬರಲ್ಲ ಅಂತ ಹೇಳಿ ಬರೋಣ."

ಇಬ್ಬರೂ ಹೋದರು. ತಂಗಿ ಸೀಮೆಎಣ್ಣೆಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಉಳಿದ ಬೋಲ್ಟುಗಳನ್ನು ತೊಳೆಯತೊಡಗಿದಳು.