ಹಿಂದಿನ ಸಾಲಿನ ದನಿ

ಈ ನೀಲಿ ಮಿಂಚಿನ ಗೌನೂ ಒಪ್ಪಿಬಿಟ್ಟಿತಲ್ಲ ಈ ಒಝೆಲಾಗೆ, ಎಂಬತ್ತರ ಹತ್ತಿರದ ಮುದುಕಿಗೆ, ದೀಪ ಬಿದ್ದರೆ ಸಾಕು ಹೆಗಲಿನಿಂದ ಪಾದದವರೆಗೆ ಮೀನಿನ ಹಾಗೆ ಹೊಳೆಯುತ್ತಾಳೆ, ಅಂದುಕೊಂಡಳು ವರ್ಲೀನ್, ಹಿಂದಿನ ಮೈಕಿನ ಮುಂದೆ ಕಪ್ಪುಡುಗೆಯಲ್ಲಿ ನಿಂತು — ಕಪ್ಪೇ ಯಾಕೆಂದರೆ ಹಿಂದೆ ದನಿಗೂಡಿಸುವವರು ಪರದೆಯಲ್ಲಿ ಕರಗಿಹೋಗಬೇಕು, ದನಿ ಮಾತ್ರ ಇರಬೇಕು, ಮುಖ ಇರಬಾರದು. ಮೆಂಫಿಸ್‌ನ ಈ ಹಳೆಯ ಥಿಯೇಟರು ಮಟಮಟ ಮಧ್ಯಾಹ್ನವೇ ತುಂಬಿಹೋಗಿದೆ, ಒಝೆಲಾ ಪ್ರೂಯಿಟ್ ಹಾಡಲು ಶುರುಮಾಡಿ ಅರವತ್ತು ವರ್ಷವಾಯಿತೆಂದು ಊರಿಗೆ ಊರೇ ಸನ್ಮಾನ ಮಾಡುತ್ತಿದೆ, ವರ್ಲೀನ್ ಹಾಡಿದ್ದೂ ಅಷ್ಟೇ ವರ್ಷ, ಅದೇ ಹಾಡು, ಅದೇ ವೇದಿಕೆ, ಸ್ವಲ್ಪ ಹಿಂದೆ, ಅಷ್ಟೇ. ಚರ್ಚಿನ ಮೇಳದಲ್ಲಿ ಇಬ್ಬರೂ ಒಂದೇ ಬೆಂಚು, ಹಾಡು ಕಲಿಸುತ್ತಿದ್ದ ಮೋಝೆಲ್ ಅಕ್ಕ ಹೇಳುತ್ತಿದ್ದಳು, ವರ್ಲೀನ್, ನಿನ್ನ ಗಂಟಲು ದೇವರು ಕೂತು ಮಾಡಿದ್ದು ಕಣಮ್ಮ, ಒಝೆಲಾ, ನೀನು ಸ್ವಲ್ಪ ಮೆಲ್ಲಗೆ, ಕಿಟಕಿ ಗಾಜು ಒಡೆದುಹೋದೀತು — ಆಮೇಲೆ ರೆಕಾರ್ಡು ಕಂಪನಿಯವನು ಬಂದ, ಬೆವರು ಒರೆಸಿಕೊಳ್ಳುತ್ತ ಇಬ್ಬರ ಹಾಡನ್ನೂ ಕೇಳಿದ, ಆ ಹುಡುಗಿ ಚೆನ್ನಾಗಿ ಹಾಡ್ತಾಳೆ, ಆದ್ರೆ ಈ ಹುಡುಗಿ ಹಾಡೋದನ್ನ ನೋಡ್ತಾನೇ ಇರ್ಬೇಕು ಅನ್ಸುತ್ತೆ, ಅಂದ. ಆ ಹುಡುಗಿ, ಈ ಹುಡುಗಿ. ಒಂದು ಅಕ್ಷರದಲ್ಲಿ ಮುಗಿದುಹೋಯಿತು.

ಅಲ್ಲಿಂದ ಒಝೆಲಾ ಅಂಗಿ ಬದಲಿಸಿದ ಹಾಗೆ ಹಾಡು ಬದಲಿಸಿದಳು, ಮೊದಲು ಎದೆ ಸುಡುವ ವಿರಹದ ಹಾಡು, ಆಮೇಲೆ ಪಿಟೀಲುಗಳ ನಡುವೆ ಮಖಮಲ್ಲು ತೊಟ್ಟು ಸಿರಿವಂತರ ಹೋಟೆಲುಗಳಲ್ಲಿ, ಆಮೇಲೆ ನ್ಯಾಶ್‌ವಿಲ್ಲಿಗೆ ಹೋಗಿ ದನಗಾಹಿಗಳ ಹಾಡು ಹಾಡ್ತೀನಿ ಅಂದಾಗ ಕರಿಯಳಿಗೆ ನಮ್ಮ ಹಾಡೇ ಅಂತ ಬಿಳಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ವರ್ಲೀನ್‌ಗೂ ಒಳಗೊಳಗೇ ಎಂಥ ಖುಷಿ, ಈಗ ಬೀಳ್ತಾಳೆ, ಈಗ ಬಿದ್ದೇ ಬೀಳ್ತಾಳೆ, ಆದರೆ ಮೂರನೇ ಹಾಡಿಗೆ ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಡಿಸ್ಕೋ ಬಂತು, ಬೆಳ್ಳಿಯ ಬೂಟು ಹಾಕಿದಳು. ನ್ಯೂಯಾರ್ಕಿನ ನಾಟಕದಲ್ಲಿ ವಿಧವೆಯಾದಳು, ಮಕ್ಕಳ ಕಾರ್ಟೂನಿನಲ್ಲಿ ಹಾಡುವ ಕೋಳಿಯಾದಳು, ಆ ಕೋಳಿಗೂ ಪ್ರಶಸ್ತಿ ಬಂತು, ಕೋಳಿಗೂ! ಮನೆಯಲ್ಲಾದರೂ ಬಿಟ್ಟಳೇ, ಗಂಡ ಹಾರ್ಲನ್ ಗಡ್ಡ ಹೆರೆಯುವಾಗ ಇವಳದೇ ರೆಕಾರ್ಡು, ಆಫ್ ಮಾಡ್ರೀ ಅದನ್ನ, ಕಟ್ಟಿಕೊಂಡವಳು ನಾನೋ ಅವಳೋ, ಅಂದರೆ ನೊರೆ ಮೆತ್ತಿದ ಮುಖ ತಿರುಗಿಸಿ ನಗುತ್ತಿದ್ದ, ಅವಳ ಹಿಂದೆ ನೀನಿದ್ದೀಯಲ್ಲೇ ಮಾರಾಯ್ತಿ, ನಿನ್ನ ದನಿ ಎಲ್ಲಿ ಬರುತ್ತೆ ಅಂತ ಕಾಯ್ತಾ ಇರ್ತೀನಿ — ಸುಳ್ಳ, ಪುಸಲಾಯಿಸುವುದರಲ್ಲಿ ನಿಸ್ಸೀಮ, ಆಸ್ಪತ್ರೆಯಲ್ಲಿ ಕೊನೆಕೊನೆಗೆ ಕೇಳಿದ್ದೂ ಅದೇ ರೆಕಾರ್ಡು, ಅವನು ಕಾದದ್ದು ಯಾರ ದನಿಗೆ ಅಂತ ಈಗ ಯಾರನ್ನು ಕೇಳುವುದು.

ಕೊನೆಯ ಹಾಡು ಶುರುವಾಯಿತು, ಪಿಯಾನೋ ಮೆಟ್ಟಿಲು ಹತ್ತುತ್ತಿದೆ, ಬೆಳಿಗ್ಗೆ ಬಣ್ಣ ಹಚ್ಚುವ ಕೋಣೆಯಲ್ಲಿ ಗೆಣಸಿನ ಕಡುಬು ತಿನ್ನುತ್ತ ಒಝೆಲಾ ಮೆಲ್ಲಗೆ ಅಂದಿದ್ದಳು, ವರ್ಲೀ, ಆ ಮೇಲಿನ ಸ್ವರ ನಂಗೆ ಬರ್ತಿಲ್ಲ ಕಣೇ, ನಾನು ಬಾಯಿ ತೆಗೀತೀನಿ, ನೀನು ಹಾಡ್ಬಿಡು. ನಿನಗೇ ಬರಲ್ವಾ, ಅಂದದ್ದಕ್ಕೆ, ವಯಸ್ಸಾಯ್ತಲ್ಲೇ, ನಿನ್ನ ಗಂಟಲು ಇನ್ನೂ ಹದಿನೆಂಟರಲ್ಲೇ ಇದೆ, ಪಾಪ, ನಿನ್ನ ಮಂಡಿಗೆ ಆ ಸುದ್ದಿ ಮುಟ್ಟಿಲ್ಲ, ಅಂತ ಕಿಲಕಿಲ ನಕ್ಕು, ಆಮೇಲೆ, ಯಾರಿಗೂ ಗೊತ್ತಾಗಲ್ಲ ಬಿಡು, ಅಂದಳು. ಆಯ್ತು ಅಂದಿದ್ದಳು ವರ್ಲೀನ್. ಯಾರಿಗೂ ಗೊತ್ತಾಗಲ್ಲ — ಅರವತ್ತು ವರ್ಷವೂ ಅದೇ ತಾನೆ, ಯಾರಿಗೂ ಗೊತ್ತಾಗಲಿಲ್ಲ. ಇಗೋ ಬಂತು ಆ ಜಾಗ, ಸ್ವರ ಗಂಟಲ ತುದಿಯಲ್ಲಿ ಬಂದು ಕೂತಿದೆ, ಬಾಯಿ ತೆರೆದರೆ ಸಾಕು, ಮುಂದೆ ಒಝೆಲಾ ತಲೆ ಎತ್ತಿ ಬಾಯಿ ತೆರೆದಳು — ವರ್ಲೀನ್ ತುಟಿ ಬಿಗಿದಳು.

ಏನೂ ಇಲ್ಲ. ಇಡೀ ಥಿಯೇಟರಿನಲ್ಲಿ ಏನೂ ಇಲ್ಲ, ಡ್ರಮ್ಮಿನವನು ವರ್ಲೀನ್ ಕಡೆ ತಿರುಗಿ ನೋಡಿದ, ಹಾಡ್ರೀ ಅಂತ ಕಣ್ಣಲ್ಲೇ ಬೇಡಿದ, ತೆರೆದ ಬಾಯಿ ತೆರೆದೇ ಇದೆ, ಈಗ ಬಿದ್ದಳು, ಕೊನೆಗೂ ಬಿದ್ದಳು, ಖುಷಿ ಎಲ್ಲಿ, ಖುಷಿಯಾಗಬೇಕಿತ್ತಲ್ಲ — ಆಗ ಒಝೆಲಾಳ ಗಂಟಲಿನಿಂದ ಬಂತು, ಹರಿದ ಬಟ್ಟೆಯಂಥ ಒಂದು ದನಿ, ಸ್ವರಕ್ಕೆ ಏರಲಾಗದೆ ಅದರ ಬುಡದಲ್ಲೇ ಕುಸಿದು, ಕುಸಿದಲ್ಲಿಂದಲೇ ಪದ ಪದ ಹೆಕ್ಕಿ ಮಾತಿನ ಹಾಗೆ ಹಾಡಿದಳು, ಜನ ಅಳುತ್ತ ಎದ್ದು ನಿಂತರು. ಒಡೆದ ದನಿಯಲ್ಲೂ! ಒಡೆಯುವುದನ್ನೂ ನನಗಿಂತ ಚೆನ್ನಾಗಿ ಒಡೆಯುತ್ತಾಳೆ, ಒಂದು ಬಿರುಕೂ ಇಲ್ಲದ ಈ ಗಂಟಲು ಇಟ್ಟುಕೊಂಡು ನಾನೇನು ಮಾಡಲಿ. ಒಝೆಲಾ ಚಪ್ಪಾಳೆ ತಡೆದಳು, ಹಿಂದಕ್ಕೆ ತಿರುಗಿದಳು, ಆ ಸ್ವರ ನಂದಲ್ಲ, ಯಾವತ್ತಿನಿಂದಲೋ ಅವಳದ್ದು, ನಾನು ಕಡ ತಂದುಕೊಳ್ತಿದ್ದೆ, ಬಾರೇ ವರ್ಲೀ, ಇವತ್ತು ಇಲ್ಲಿ ನಿಂತು ಹಾಡು — ಅಂದು ಕೈ ಚಾಚಿದಳು. ಇದು ಕ್ಷಮೆಯೋ ಸೇಡೋ, ಗೊತ್ತಾಗಲಿಲ್ಲ, ಕೊಡುವುದರಲ್ಲೂ ಇವಳೇ ಮೇಲಾದಳಲ್ಲ, ವರ್ಲೀನ್ ನಡೆದಳು, ಮಂಡಿ ಕಿರುಗುಟ್ಟಿತು, ಬೆಳಕು ಮುಖಕ್ಕೆ ಬಿಸಿಯಾಗಿ ಬಡಿಯಿತು, ಬಾಯಿ ತೆರೆದಳು, ಸ್ವರ ಬಂತು, ಪೂರ್ತಿ, ನಿಷ್ಕಳಂಕ, ತಾರಸಿಯವರೆಗೂ ಹೋಗಿ ನಿಂತಿತು, ಜನ ಕೂಗಿದರು, ತನ್ನ ಹೆಸರು, ವರ್ಲೀನ್, ವರ್ಲೀನ್, ಹಾರ್ಲನ್ ಇದ್ದಿದ್ದರೆ — ಆದರೆ ಕಣ್ಣು ಪಕ್ಕಕ್ಕೇ ಹೋಗುತ್ತದೆ, ಜನರ ಕಡೆ ನೋಡಬೇಕು, ನೋಡಲಾಗುತ್ತಿಲ್ಲ, ಒಝೆಲಾಳ ಕೈ ಇನ್ನೂ ಚಾಚಿಯೇ ಇದೆ, ನಾನು ಅದನ್ನು ಹಿಡಿಯದೆಯೇ ಬಂದುಬಿಟ್ಟೆ, ನರ ಉಬ್ಬಿದ ಕೈ, ಹೆಸರು ಕೂಗುತ್ತಿದ್ದಾರೆ, ಕೇಳು, ನಿನ್ನದೇ ಹೆಸರು — ಆ ಕೈ, ಬೆಳಕಿನಲ್ಲಿ, ಖಾಲಿ.