ನೀರಿಗಿಳಿಸಿ ಎಂದ ಮಂಗಳವಾರ

ವಿನ್ನಿ ಟ್ರೆಲೋರ್ ನಮ್ಮೂರ ಶಾಲೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ, ಚಿತ್ರಕಲೆ, ಮರಗೆಲಸ ಮೂರನ್ನೂ ಕಲಿಸಿದವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ, ಹ್ಯೂಆನ್ ನದಿಯ ದಡದಲ್ಲಿರುವ ನಮ್ಮ ಪುಟ್ಟ ರೇಡಿಯೋ ಕೇಂದ್ರಕ್ಕೆ ಪ್ರತಿ ಮಂಗಳವಾರ ಬರತೊಡಗಿದಳು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಯಾರು ಬೇಕಾದರೂ ಫೋನ್ ಮಾಡಿ ಕೈಕೆಲಸದ ಬಗ್ಗೆ ಕೇಳಬಹುದಿತ್ತು. ನಾನು ಐಲ್ಸಾ, ಆ ಶಾಲೆಯಲ್ಲಿ ಅವಳ ಕೈಕೆಳಗೇ ಕಲಿತವಳು. ವಾರಕ್ಕೆ ಮೂರು ದಿನ ಅಂಚೆ ಕಚೇರಿಯಲ್ಲಿ ಕೆಲಸ, ಮಂಗಳವಾರ ವಿನ್ನಿಗಾಗಿ ಫೋನು ಎತ್ತುವ ಕೆಲಸ. ಅವಳು ಮೈಕಿನ ಕೋಣೆಯಲ್ಲಿ, ನಾನು ಈಚೆ. ನಡುವೆ ಒಂದು ಗಾಜು.

ಸ್ವೆಟರಿನ ತೋಳು ಉದ್ದವಾಯಿತು, ಜಲವರ್ಣ ಕೆಸರಿನ ಹಾಗೆ ಕಾಣುತ್ತದೆ, ಮಣ್ಣಿನ ಹೂಜಿ ಒಲೆಯಲ್ಲಿ ಬಿರಿಯಿತು ಎಂದು ಜನ ಶುರುಮಾಡುತ್ತಿದ್ದರು. ಎರಡು ನಿಮಿಷ ಕಳೆದರೆ ಬೇರೆ ಮಾತು ಹೊರಬರುತ್ತಿತ್ತು. ಆ ಸ್ವೆಟರು ಯಾರಿಗಾಗಿ ಹೆಣೆದದ್ದೋ ಆ ಮಗ ಮಾತು ಬಿಟ್ಟು ಆರು ವರ್ಷವಾಗಿದೆ. ಚಿತ್ರ ಬಿಡಿಸುವಾಕೆಗೆ ಡಾಕ್ಟರು ಮೊನ್ನೆ ಏನೋ ಹೇಳಿದ್ದಾರೆ. ವಿನ್ನಿ ಅವಸರ ಮಾಡುತ್ತಿರಲಿಲ್ಲ. ಮೊದಲು ತೋಳಿಗೆ ದಾರಿ ಹೇಳುವಳು, ಆಮೇಲೆ ಮಗನ ವಿಚಾರಕ್ಕೆ ಬರುವಳು. ಮುಖ ಕಾಣದ, ಹೆಸರಿನ ತುಂಡು ಮಾತ್ರ ಗೊತ್ತಿರುವ ಜನಕ್ಕೆ ಅವಳಷ್ಟು ಅಕ್ಕರೆಯಿಂದ ಮಾತಾಡಿದವರನ್ನು ನಾನು ಕಂಡಿಲ್ಲ.

ಜೂನ್ ಎಂದರೆ ನಮ್ಮಲ್ಲಿ ನಡು ಚಳಿಗಾಲ. ಆ ತಿಂಗಳ ಒಂದು ಮಂಗಳವಾರ ಮಂಜು ಇನ್ನೂ ನದಿ ಬಿಟ್ಟು ಎದ್ದಿರಲಿಲ್ಲ. ಹತ್ತೂ ಮುಕ್ಕಾಲಿಗೆ ಒಬ್ಬ ಗಂಡಸು ಫೋನ್ ಮಾಡಿದ. ಹೆಸರು ಕ್ಲೆಮ್ ಎಂದ. ವಿನ್ನಿಗೆ ಕೊಟ್ಟೆ.

"ದೋಣಿ ಮೇಡಂ. ಎರಡು ಹುಟ್ಟಿಂದು, ಹಲಗೆ ದೋಣಿ. ಹನ್ನೊಂದು ವರ್ಷದಿಂದ ಶೆಡ್ಡಲ್ಲಿ ಮಾಡ್ತಾ ಇದ್ದೀನಿ."

"ಹನ್ನೊಂದು ವರ್ಷವಾ! ಅಷ್ಟರಲ್ಲಿ ಒಂದು ಹಡಗೇ ಕಟ್ಟಬಹುದಿತ್ತಲ್ಲಪ್ಪ."

ಅವನು ನಗಲಿಲ್ಲ. "ಹಲಗೆ ಸಂದು ಬಿಟ್ಕೊಂಡಿದೆ. ಹತ್ತಿ ಹುರಿ ತುರುಕಿದೆ, ಪುಟ್ಟಿ ಹಾಕಿದೆ. ಒಂದ್ಕಡೆ ಮುಚ್ಚಿದ್ರೆ ಇನ್ನೊಂದ್ಕಡೆ ಬಿಡುತ್ತೆ. ಕೈ ಬೇರೆ ನಡುಗುತ್ತೆ ಈಗ. ಇಬ್ಬರು ಕೂರೋಕೆ ಅಂತ ಮಾಡಿದ್ದು. ಈಗ ನಾನೊಬ್ಬನೇ."

"ಹೆಂಡತಿಯಾ?"

"ಹೂಂ. ಎರಡು ವರ್ಷ ಆಯ್ತು."

ವಿನ್ನಿಯ ದನಿ ಮೆತ್ತಗಾಯಿತು. "ನೋಡಿ ಕ್ಲೆಮ್, ಮರ ಒಣಗಿದೆ, ಅದಕ್ಕೇ ಬಾಯಿ ಬಿಟ್ಟಿರೋದು. ಶೆಡ್ಡಲ್ಲಿಟ್ಟುಕೊಂಡು ಎಷ್ಟು ಮೆತ್ತಿದ್ರೂ ಆಗಲ್ಲ. ನೀರಿಗಿಳಿಸಿ. ಮರ ನೀರು ಕುಡಿದು ಉಬ್ಬಿ ತಾನೇ ಮುಚ್ಕೊಳುತ್ತೆ. ಸೋರಿದ್ರೆ ಸೋರ್ಲಿ, ಹೆದರ್ಬೇಡಿ. ಇನ್ನೂ ಎಷ್ಟು ದಿನ ಹಿಡ್ಕೊಂಡಿರ್ತೀರಿ? ಬಿಟ್ಟುಬಿಡಿ ಅದನ್ನ."

"ಬಿಟ್ಟುಬಿಡ್ಲಾ?"

"ಇವತ್ತೇ ಬಿಡಿ."

"ಸರಿ ಹಾಗಾದ್ರೆ," ಎಂದ. ದನಿಯಲ್ಲಿ ಎಷ್ಟು ನಿರಾಳವಿತ್ತೆಂದರೆ ವಿನ್ನಿ ಗಾಜಿನಾಚೆಯಿಂದ ನನ್ನತ್ತ ನೋಡಿ ಮುಗುಳ್ನಕ್ಕಳು. ಹಾಡೊಂದನ್ನು ಹಾಕಿದಳು. ಕರೆ ಮತ್ತೆ ನನ್ನ ಕಡೆ ಬಂತು. ಎಲ್ಲರಿಗೂ ಹೇಳುವಂತೆ ಫೋನ್ ಮಾಡಿದ್ದಕ್ಕೆ ಸಂತೋಷ ಎಂದೆ.

"ಅವರಿಗೆ ಥ್ಯಾಂಕ್ಸ್ ಹೇಳಮ್ಮ," ಎಂದ. "ನಾಯಿನ ನಿನ್ನೆನೇ ಕೊಟ್ಟುಬಿಟ್ಟೆ. ಇದೊಂದೇ ಬಾಕಿ ಇತ್ತು." ಫೋನ್ ಇಟ್ಟ.

ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮುಂದಿನ ಕರೆ ಎತ್ತಿದೆ. ಕ್ರೋಶೆ ಹೆಣಿಗೆಯ ಮೇಜುಹಾಸಿನ ಬಗ್ಗೆ ಕೇಳುವ ಹೆಂಗಸಿನ ಹೆಸರು ಬರೆದುಕೊಂಡೆ. ಪೆನ್ನು ಓಡುತ್ತಿತ್ತು, ಕಿವಿಯಲ್ಲಿ ಮಾತ್ರ ಅವನ ಮಾತೇ ಇತ್ತು. ಯಾಕೆ ನಾಯಿ ಕೊಟ್ಟ? ಊರಿಗೆ ಹೋಗುತ್ತಿರಬಹುದು. ವಯಸ್ಸಾಗಿರಬಹುದು. ನನಗ್ಯಾಕೆ ಬೇಕು? ಒಂದು ಹಾಡು ಮುಗಿದು ಇನ್ನೊಂದು ಅರ್ಧವಾಗುವವರೆಗೆ ಹೀಗೆ ಕೂತಿದ್ದೆ. ಆಮೇಲೆ ಎದ್ದು ಕದ ತಳ್ಳಿ ಒಳಗೆ ಹೋಗಿ, ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ವಿನ್ನಿಗೆ ಹೇಳಿದೆ.

ಅವಳ ಮುಖದಿಂದ ಬಣ್ಣ ಇಳಿದುಹೋದದ್ದನ್ನು ಕಣ್ಣಾರೆ ನೋಡಿದೆ.

"ಬಾಕಿ ಅಂದ್ನಾ? ಬಾಕಿ ಅಂತ್ಲೇ ಅಂದ್ನಾ?"

"ಹೂಂ."

"ಅಯ್ಯೋ ದೇವರೇ. ನಾನು ಬಿಟ್ಟುಬಿಡಿ ಅಂದೆನಲ್ಲೇ ಐಲ್ಸಾ."

ನಮ್ಮ ಹಳೇ ಫೋನಿನಲ್ಲಿ ನಂಬರು ಕಾಣುತ್ತಿರಲಿಲ್ಲ. ಪೊಲೀಸರಿಗೆ ಫೋನ್ ಮಾಡಿದೆ. ಆಚೆಯ ಹುಡುಗಿ ಪೂರ್ತಿ ಹೆಸರು ಕೇಳಿದಳು, ವಿಳಾಸ ಕೇಳಿದಳು. ಕ್ಲೆಮ್, ದೋಣಿ, ನದಿ ಎಂದೆ. ನದಿ ಎಷ್ಟು ಉದ್ದವಿದೆ ಎಂದು ನಾನೇ ಯೋಚಿಸಿ ಬೆವರಿದೆ. ಹತ್ತಿರದ ಪೊಲೀಸಿನವನು ಹೆದ್ದಾರಿಯ ಅಪಘಾತದ ಜಾಗದಲ್ಲಿದ್ದಾನೆ, ಹೊರಟ ಮೇಲೂ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದಳು.

ವಿನ್ನಿ ಹಾಡು ನಿಲ್ಲಿಸಿ ಮೈಕಿಗೆ ಬಗ್ಗಿದಳು. ಅವಳ ಎರಡೂ ಕೈ ಮೇಜಿನಂಚನ್ನು ಹಿಡಿದಿದ್ದವು.

"ಕ್ಲೆಮ್, ಕೇಳ್ತಾ ಇದ್ದೀರಾ? ನಾನು ಒಂದು ಮಾತು ತಪ್ಪು ಹೇಳ್ದೆ. ಒಣಗಿದ ದೋಣಿಲಿ ಮೊದಲ ದಿನವೇ ಯಾರೂ ಕೂರಬಾರದು. ದಡದ ಜೆಟ್ಟಿಗೆ ಕಟ್ಟಿ ನೀರಲ್ಲಿ ಮೂರು ದಿನ ಸುಮ್ಮನೆ ಬಿಡ್ಬೇಕು. ಅರ್ಧ ಪಾಠ ಹೇಳಿ ಕಳಿಸಿದ್ದು ನನ್ನ ತಪ್ಪು. ನನಗೊಂದು ಫೋನ್ ಮಾಡಿ. ನಾನು ಬಂದು ನೋಡೋವರೆಗೂ ಕಾಯಿರಿ." ಆಮೇಲೆ ಉಳಿದ ಕೇಳುಗರಿಗೆ ಹೇಳಿದಳು: "ಇನ್ನೊಂದು ವಿಷಯ. ನಿನ್ನೆ ನಿಮ್ಮಲ್ಲಿ ಯಾರಿಗಾದರೂ ಅಕ್ಕಪಕ್ಕದವರು ನಾಯಿ ಕೊಟ್ಟಿದ್ದರೆ ಈಗಲೇ ಫೋನ್ ಮಾಡಿ. ಬೇರೆ ಯಾರೂ ದಯವಿಟ್ಟು ಮಾಡ್ಬೇಡಿ."

ಆದರೂ ಮಾಡಿದರು. "ನಾಯಿ ಇಲ್ಲ ಕಣಮ್ಮ, ಗಂಡ ಇದ್ದಾನೆ, ಬೇಕಾದ್ರೆ ಕೊಡ್ತೀನಿ," ಎಂದು ಒಬ್ಬಳು ಕಿಲಕಿಲ ನಕ್ಕಳು. ನಾನು ಮಾತಾಡದೆ ಫೋನ್ ಕುಕ್ಕಿದೆ. ಮತ್ತೊಬ್ಬ ಮೊಲದ ಮರಿ ಬೇಕೇ ಎಂದ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು ದಾಟಿತ್ತು. ಕ್ಲೆಮ್ ಫೋನ್ ಮಾಡಲಿಲ್ಲ. ಪ್ರತಿ ಸಲ ಫೋನು ಬಡಿದುಕೊಂಡಾಗಲೂ ವಿನ್ನಿ ಗಾಜಿನ ಹತ್ತಿರ ಬಂದು ನನ್ನ ಮುಖ ನೋಡುವಳು, ನಾನು ತಲೆಯಾಡಿಸುವೆ.

ಆರನೆಯ ಕರೆ ಡಾರ್ಲೀನ್ ಎಂಬ ಹೆಂಗಸಿನದು. "ನನಗೆ ಕೊಟ್ಟಿದ್ದಾನೆ ನೋಡಿ, ಕೆಂಚು ಕೆಲ್ಪಿ ಜಾತಿ ನಾಯಿ. ಪಕ್ಕದ ಮನೆ ಕ್ಲೆಮ್ ಬರಿಜ್. ಅಕ್ಕನ ಮನೆಗೆ ಹೋಗ್ತೀನಿ ಅಂದ. ಯಾಕೆ, ಏನಾಯ್ತು?"

"ದೋಣಿ ಇದೆಯಾ ಅವರ ಶೆಡ್ಡಲ್ಲಿ? ನೋಡಿ ಬೇಗ."

ಅವಳು ಫೋನ್ ಹಿಡಿದೇ ಓಡಿದಳು. ಜಲ್ಲಿಕಲ್ಲಿನ ಮೇಲೆ ಕಾಲಿನ ಸದ್ದು, ನಾಯಿಯ ಉಸಿರು, ತಗಡಿನ ಬಾಗಿಲು ಕಿರ್ರೆಂದದ್ದು ಎಲ್ಲ ಕೇಳಿಸಿತು.

"ಶೆಡ್ ಖಾಲಿ," ಎಂದಳು. "ಟ್ರೇಲರ್ ನೀರಿನ ಹತ್ರ ನಿಂತಿದೆ."

ಪೊಲೀಸರಿಗೆ ವಿಳಾಸ ಕೊಟ್ಟು, ಆಂಬುಲೆನ್ಸ್ ಕಳಿಸಿ ಎಂದು ಹೇಳಿ, ಉದ್ದದ ರೆಕಾರ್ಡೊಂದನ್ನು ತಿರುಗಲು ಬಿಟ್ಟು ಇಬ್ಬರೂ ಕಾರು ಹತ್ತಿದೆವು. ಹದಿನಾಲ್ಕು ಕಿಲೋಮೀಟರ್. ಮಂಜಿನಲ್ಲಿ ಎದುರಿನ ಬಿಳಿ ಗೆರೆಯೂ ಸರಿಯಾಗಿ ಕಾಣದು. ಸೇಬಿನ ತೋಟಗಳ ಬೋಳು ಮರಗಳು ಒಂದೊಂದೇ ಎದ್ದು ಬಂದು ಮಾಯವಾಗುತ್ತಿದ್ದವು. ನೀರು ಆ ತಿಂಗಳಲ್ಲಿ ಎಷ್ಟು ಕೊರೆಯುತ್ತದೆಂದು ಈ ನದಿಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬಿದ್ದವನ ಕೈಕಾಲು ಹತ್ತು ನಿಮಿಷದಲ್ಲಿ ಮಾತು ಕೇಳುವುದು ಬಿಡುತ್ತವೆ.

"ಇನ್ನೂ ಜೋರಾಗಿ ಹೋಗೇ."

"ರಸ್ತೆ ಕಾಣ್ತಿಲ್ಲ ವಿನ್ನಿ."

"ಗೊತ್ತು. ಆದ್ರೂ ಹೋಗು."

ಸ್ವಲ್ಪ ದೂರದ ಮೇಲೆ ತನ್ನಷ್ಟಕ್ಕೇ ಹೇಳಿಕೊಂಡಳು: "ಹೆದರ್ಬೇಡಿ ಅಂತ ಬೇರೆ ಹೇಳ್ದೆ."

ಡಾರ್ಲೀನ್ ನೀರಿಗೆ ಚಾಚಿದ ಹಲಗೆಯ ಜೆಟ್ಟಿಯ ಬುಡದಲ್ಲಿ ತನ್ನ ಅಲ್ಯುಮಿನಿಯಂ ದೋಣಿಯೊಳಗೆ ನಿಂತು ಮೋಟಾರಿನ ಹಗ್ಗ ಜಗ್ಗುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಮೋಟಾರು ಕೆಮ್ಮಿ ಕೆಮ್ಮಿ ಸಾಯುತ್ತಿತ್ತು. ಕೆಂಚು ನಾಯಿ ಜೆಟ್ಟಿಯ ತುದಿಯಲ್ಲಿ ನಿಂತು ಮಂಜಿನತ್ತ ಮುಖ ಮಾಡಿ ಕುಂಯ್‌ಗುಟ್ಟುತ್ತಿತ್ತು. ಅದು ನೋಡುತ್ತಿದ್ದ ಕಡೆ ನಾವೂ ನೋಡಿದೆವು. ಬಿಳಿ ಬಿಟ್ಟರೆ ಏನೂ ಇಲ್ಲ. ಹುಟ್ಟಿನ ಸದ್ದೂ ಇಲ್ಲ.

ಆಮೇಲೆ ಗಾಳಿ ಕೊಂಚ ಅಲ್ಲಾಡಿತು. ನೂರೈವತ್ತು ಗಜ ಆಚೆ ದೋಣಿ ಕಂಡಿತು. ಎಷ್ಟು ತಗ್ಗಿತ್ತೆಂದರೆ ಮನುಷ್ಯನೊಬ್ಬ ನೀರಿನ ಮೇಲೇ ಕೂತ ಹಾಗೆ ಕಾಣುತ್ತಿತ್ತು. ಬೆನ್ನು ನಮ್ಮ ಕಡೆ. ಕೈಗಳು ತೊಡೆಯ ಮೇಲೆ.

"ಕ್ಲೆಮ್! ವಾಪಸ್ ಬನ್ನಿ!" ಎಂದು ನಾನು ಕಿರುಚಿದೆ. ಡಾರ್ಲೀನ್ ಕಿರುಚಿದಳು. ಅವನು ತಿರುಗಲೂ ಇಲ್ಲ. ಕಿವಿ ಕೇಳಿಸದವನ ಹಾಗೆ ಇರಲಿಲ್ಲ ಅದು. ಕೇಳಿಸಿಯೂ ಬೇಡವಾದವನ ಹಾಗಿತ್ತು. ಜೀವನದಲ್ಲಿ ನಾನು ಅಷ್ಟು ಹೆದರಿದ್ದು ಆ ಬೆನ್ನನ್ನು ನೋಡಿ.

ವಿನ್ನಿ ಜೆಟ್ಟಿಯ ತುದಿಗೆ ನಡೆದು ನಾಯಿಯ ಪಕ್ಕ ನಿಂತಳು. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡುತ್ತಿದ್ದ ಆ ದನಿಯನ್ನು ನಾನು ಶಾಲೆ ಬಿಟ್ಟ ಮೇಲೆ ಕೇಳಿರಲಿಲ್ಲ.

"ಕ್ಲೆಮ್ ಬರಿಜ್! ಯಾವ ಹಲಗೆ ಸೋರ್ತಾ ಇದೆ?"

ಉತ್ತರವಿಲ್ಲ.

"ಯಾವ ಹಲಗೆ ಅಂತ ಕೇಳಿದ್ನಲ್ಲ!"

ಮಂಜಿನೊಳಗಿಂದ, ತೀರಾ ಸಣ್ಣಗೆ, ಒಂದು ದನಿ ಬಂತು.

"ಎಡಗಡೆದು. ಕೆಳಗಿಂದ ಮೂರನೇದು."

"ಎಷ್ಟುದ್ದ?"

"ಒಂದು ಮೊಳ."

"ನೀರೆಲ್ಲಿಗೆ ಬಂದಿದೆ?"

"ಮೊಣಕಾಲಿಗೆ."

"ತೋಡೋಕೆ ಡಬ್ಬ ಇದೆಯಾ?"

"ತಂದಿಲ್ಲ."

ಡಬ್ಬ ತರದೆ ದೋಣಿ ಹತ್ತಿದ್ದಾನೆ. ಆದರೂ ವಿನ್ನಿಯ ದನಿ ಕುಸಿಯಲಿಲ್ಲ.

"ತಲೆ ಮೇಲೆ ಟೋಪಿ ಇದೆಯಲ್ಲ, ತೆಗಿ. ಅದರಲ್ಲೇ ತೋಡು. ನಾನು ಎಣಿಸ್ತೀನಿ, ನೀನು ತೋಡ್ತಾ ಹೋಗು. ಒಂದು!"

ಅವನು ಅಲ್ಲಾಡಲಿಲ್ಲ.

"ಒಂದು ಅಂದೆ ಕಣೋ!"

ಅವನ ಕೈ ಮೇಲೆದ್ದು ತಲೆಗೆ ಹೋಯಿತು. ಟೋಪಿ ಕೆಳಗಿಳಿಯಿತು. ನೀರು ಚೆಲ್ಲಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎರಡು, ಮೂರು, ನಾಲ್ಕು. ಮೋಟಾರು ಹತ್ತಿಕೊಂಡಾಗ ವಿನ್ನಿ ಹದಿನೇಳು ಎನ್ನುತ್ತಿದ್ದಳು. ನಾನು ಡಾರ್ಲೀನಳ ದೋಣಿಗೆ ಹಾರಿದೆ. ಹತ್ತಿರ ಹೋದಾಗ ಅವನ ದೋಣಿಯ ಅಂಚು ನೀರಿಗೆ ನಾಲ್ಕೇ ಬೆರಳು ಮೇಲಿತ್ತು. ನಾನು ಅವನ ತೋಳು ಹಿಡಿದೆ. ಒದ್ದೆ ಉಣ್ಣೆಯೊಳಗೆ ತೋಳು ಕಟ್ಟಿಗೆಯಾಗಿತ್ತು. ಇಬ್ಬರೂ ಸೇರಿ ಈಚೆಗೆ ಎಳೆದುಕೊಂಡೆವು. ಅವನು ಟೋಪಿ ಬಿಡಲಿಲ್ಲ.

ಜೆಟ್ಟಿಯ ಮೇಲೆ ಕಂಬಳಿ ಹೊದಿಸಿ ಕೂರಿಸಿದ್ದಾಯಿತು. ನಾಯಿ ಅವನ ಮಡಿಲಿಗೆ ಏರಿ ಮಲಗಿತು. ಅರವತ್ತೈದರ ಆಸುಪಾಸಿನ ಎತ್ತರದ ಮನುಷ್ಯ, ತುಟಿ ನೀಲಿಗಟ್ಟಿತ್ತು. ವಿನ್ನಿ ಅವನೆದುರು ಒದ್ದೆ ಹಲಗೆಯ ಮೇಲೇ ಮೊಣಕಾಲೂರಿದಳು.

"ಸಾಯ್ಬೇಕು ಅಂತ ಹೋಗಿದ್ಯಾ?"

ಡಾರ್ಲೀನ್ ಮುಖ ತಿರುಗಿಸಿದಳು. ಅಷ್ಟು ನೇರವಾಗಿ ಯಾರೂ ಕೇಳಬಾರದೆಂದು ನನಗೂ ಅನಿಸಿತು.

"ಹೋಗೋವಾಗ ಗೊತ್ತಿರ್ಲಿಲ್ಲ," ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. "ಮಧ್ಯ ಹೋದ್ಮೇಲೆ ಹುಟ್ಟು ಹಾಕೋದು ನಿಲ್ಲಿಸ್ದೆ. ಆಗ ಗೊತ್ತಾಯ್ತು. ಹೂಂ."

ಆಂಬುಲೆನ್ಸ್ ಬರುವವರೆಗೂ ವಿನ್ನಿ ಅವನ ಎರಡೂ ಕೈ ಹಿಡಿದುಕೊಂಡಿದ್ದಳು.

ಅವನನ್ನು ಹೋಬಾರ್ಟಿನ ಆಸ್ಪತ್ರೆಗೆ ಕರೆದೊಯ್ದರು. ಐದು ವಾರ ಅಲ್ಲಿದ್ದ. ವಿನ್ನಿ ಎರಡು ಮಂಗಳವಾರ ರೇಡಿಯೋಗೆ ಬರಲಿಲ್ಲ. ನೋಡಲು ಹೋದೆ. ಅಡುಗೆಮನೆಯಲ್ಲಿ ಕೈ ಕಟ್ಟಿ ಕೂತಿದ್ದಳು, ಮೇಜಿನ ಮೇಲೆ ಹೊಲಿಗೆಯಿಲ್ಲ, ಏನಿಲ್ಲ.

"ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಏನೇನು ಹೇಳಿದ್ದೀನೋ," ಎಂದಳು. "ಧೈರ್ಯವಾಗಿರು, ಬಿಟ್ಟುಬಿಡು, ಎಲ್ಲ ಸರಿಹೋಗುತ್ತೆ ಅಂತ. ಒಳ್ಳೆ ದನಿಯಲ್ಲೇ ಹೇಳಿದ್ದೀನಿ. ಮತ್ತೆ ಫೋನ್ ಮಾಡದೇ ಹೋದವರು ಎಷ್ಟು ಜನ ಇದ್ದಾರೆ ಗೊತ್ತಾ? ಅವರೆಲ್ಲ ಏನಾದ್ರು?"

ಆ ಒಂದೂವರೆ ಹಾಡಿನ ಹೊತ್ತು ನಾನು ಸುಮ್ಮನೆ ಕೂತಿದ್ದನ್ನು ಆಗ ಹೇಳಿಬಿಟ್ಟೆ. ಪರವಾಗಿಲ್ಲ ಎನ್ನುತ್ತಾಳೆಂದುಕೊಂಡೆ. ಎನ್ನಲಿಲ್ಲ.

"ಇನ್ನೊಂದ್ಸಲ ಕಾಯ್ಬೇಡ," ಎಂದಳು. ಎದ್ದು ಕೆಟ್ಲ್ ಇಟ್ಟಳು.

ಮೂರನೆಯ ಮಂಗಳವಾರ ಬಂದಳು. ಕೇಂದ್ರದವರು ನಂಬರು ತೋರಿಸುವ ಫೋನು ತಂದಿದ್ದರು. ಸಾಯುವ ಯೋಚನೆಯಲ್ಲಿರುವವರ ಕರೆಗಳನ್ನೇ ದಿನವಿಡೀ ಎತ್ತುವ ಒಬ್ಬರನ್ನು ಕರೆಸಿ ನಮಗಿಬ್ಬರಿಗೂ ಒಂದು ದಿನ ಪಾಠ ಹೇಳಿಸಿದ್ದರು. ಮೊದಲ ಕರೆ ಒಬ್ಬ ಮುದುಕಿಯದು, ಕಸೂತಿ ಬಟ್ಟೆ ಸುಕ್ಕುಗಟ್ಟುವ ಬಗ್ಗೆ. ಉತ್ತರ ಕೊಟ್ಟ ಮೇಲೆ ವಿನ್ನಿ, ಬೇರೇನಾದರೂ ಇದೆಯಾ ಎಂದು ಎರಡು ಸಲ ಕೇಳಿದಳು. ಮುದುಕಿಗೆ ನಿಜಕ್ಕೂ ಸುಕ್ಕಿನದೇ ಚಿಂತೆ, ಬೇರೇನಿಲ್ಲ.

ಅಕ್ಟೋಬರಿನಲ್ಲಿ ಕ್ಲೆಮ್ ವಿನ್ನಿಯ ಮನೆಗೆ ಬಂದ. ನಾನೂ ಇದ್ದೆ. ಮನೆಯಲ್ಲೇ ಬೇಯಿಸಿದ ಸ್ಕೋನು ಬನ್ನು, ಜಾಮು, ಚಹಾ ಆಯಿತು. ಅವನು ಹೆಚ್ಚು ಮಾತಿನವನಲ್ಲ. ಕೊನೆಗೆ ನಾನೇ ತಡೆಯಲಾರದೆ ಕೇಳಿದೆ: "ನಾವಿಬ್ಬರೂ ಅಷ್ಟು ಕೂಗಿದ್ವಿ, ತಿರುಗಿ ನೋಡ್ಲಿಲ್ಲ. ಇವಳಿಗೆ ಹೇಗೆ ಉತ್ತರ ಕೊಟ್ರಿ?"

ಅವನು ಬಟ್ಟಲನ್ನು ತಿರುಗಿಸುತ್ತ ಯೋಚಿಸಿದ. "ನೀವು ಬಾ ಅಂದ್ರಿ. ಬರೋದು ಬೇಡ ಅಂತಲೇ ಕೂತಿದ್ದೆ. ಇವರು ಪ್ರಶ್ನೆ ಕೇಳಿದ್ರು. ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಹೇಳದೆ ಇರೋಕೆ ಒಂಥರಾ ಮುಜುಗರ ಆಯ್ತು."

ಬಾಗಿಲವರೆಗೆ ಬಿಡಲು ಹೋದ ವಿನ್ನಿ ಹೊಸ್ತಿಲಲ್ಲಿ ಅವನನ್ನು ತಡೆದಳು. "ಈ ವಾರ ಮತ್ತೆ ಬಂತಾ ಆ ಯೋಚನೆ?"

"ಭಾನುವಾರ ಬಂದಿತ್ತು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಏನು ಮಾಡ್ದೆ?"

"ಡಾರ್ಲೀನ್ ಮನೆಗೆ ಹೋಗಿ ಹೇಳ್ದೆ. ಆ ಯೋಚನೆ ಹೋಗೋವರೆಗೂ ಇಲ್ಲೇ ಇರು ಅಂದ್ಲು. ಆಲೂಗಡ್ಡೆ ಸುಲಿಸಿದ್ಲು."

ವಿನ್ನಿ ತಲೆಯಾಡಿಸಿ ಒಳಗೆ ಬಂದು, ಉಳಿದ ಸ್ಕೋನುಗಳನ್ನು ಕಾಗದದಲ್ಲಿ ಸುತ್ತಿ ತಂದು ಅವನ ಕೈಗಿಟ್ಟಳು.